ಮೂರು ಬೆರಳಿನ ಹಿಡಿ

ದೆವ್ವ ಕಂಡೆ, ಸ್ವಪ್ನದಲ್ಲಿ ದೇವರು ಬಂದ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈಗ ನಾನೇ ಅಂಥದೊಂದು ಹೇಳಲು ಕೂತಿದ್ದೇನೆ. ನಗುವವರು ನಗಲಿ, ನಡೆದದ್ದನ್ನಷ್ಟೇ ಹೇಳುತ್ತೇನೆ.

ಕರ್ನೂಲು ಆಂಧ್ರದ ರಾಜಧಾನಿಯಾಗಿದ್ದ ವರ್ಷಗಳವು. ನಾವು ಆದೋನಿಯಲ್ಲಿದ್ದೆವು. ನಾನು, ನನ್ನವ್ವ ಇಬ್ಬರೂ ಹತ್ತಿ ಮಿಲ್ಲಿಗೆ ಹೋಗುತ್ತಿದ್ದೆವು. ನಮ್ಮ ಕೇರಿಯ ಕ್ರೈಸ್ತರ ಮನೆಗಳಲ್ಲಿ ಒಂದು ಪದ್ಧತಿಯಿತ್ತು. ಜೋಳ ಬೀಸುವ ಮುಂಚೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕಬೇಕು, ಭಾನುವಾರ ಅದನ್ನು ಚರ್ಚಿಗೆ ಒಯ್ಯಬೇಕು. ದೇವರು ಕೊಟ್ಟದ್ದಕ್ಕೆ ಸ್ತೋತ್ರ ಅಂತ. ನಾವು ಉಪವಾಸ ಬಿದ್ದ ವಾರವೂ ಅವ್ವ ಆ ಹಿಡಿ ತಪ್ಪಿಸಿದವಳಲ್ಲ.

ಒಂದು ದಿನ ಮಿಲ್ಲಿನ ಯಂತ್ರ ಅವಳ ಬಲಗೈಯ ಉಂಗುರದ ಬೆರಳು, ಕಿರುಬೆರಳು ಎರಡನ್ನೂ ತಿಂದುಹಾಕಿತು. ಮಾಲೀಕರು ಒಂದು ಬಟ್ಟೆ ಸುತ್ತಿ ಮನೆಗೆ ಕಳಿಸಿದರು, ಮರುದಿನದಿಂದ ಬರಬೇಡ ಎಂದರು. ನನಗೆ ರಕ್ತ ಕುದಿಯುತ್ತಿದ್ದರೆ ಅವ್ವ ಹಾಸಿಗೆಯಲ್ಲಿ ಕೂತು, "ಎರಡು ಹೋದ್ರ ಏನಾತಪ್ಪ, ಮೂರು ಉಳಿದಾವಲ್ಲ. ಸ್ತೋತ್ರ ಹೇಳು," ಅಂದಳು. ಅವತ್ತು ನನಗೆ ಮಾಲೀಕರಿಗಿಂತ ಅವ್ವನ ಮೇಲೆಯೇ ಹೆಚ್ಚು ಸಿಟ್ಟು ಬಂತು. ಮೂರೇ ಬೆರಳಿನಲ್ಲಿ ಅವಳು ಹಿಡಿ ಹಾಕುವುದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ಗಾಯ ಕೀವುಗಟ್ಟಿ ಜ್ವರಕ್ಕೆ ತಿರುಗಿತು, ಬೇಸಿಗೆ ಮುಗಿಯುವುದರೊಳಗೆ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದವನೇ ಆ ಗಡಿಗೆಯನ್ನು ಗೂಡಿನಲ್ಲಿ ಬೋರಲು ಹಾಕಿದೆ. ಇನ್ನು ಈ ಮನೆಯಲ್ಲಿ ಹಿಡಿಯೂ ಇಲ್ಲ, ಸ್ತೋತ್ರವೂ ಇಲ್ಲ ಎಂದು ಹೆಂಡತಿ ಸುವಾರ್ತಮ್ಮನಿಗೆ ಕಟ್ಟಪ್ಪಣೆ ಮಾಡಿದೆ. ಅವಳು ಆಗ ಐದು ತಿಂಗಳ ಬಸುರಿ.

ನಾಲ್ಕನೆಯ ದಿನ ನೋಡುತ್ತೇನೆ, ಗಡಿಗೆ ನೆಟ್ಟಗೆ ನಿಂತಿದೆ, ತಳದಲ್ಲಿ ಸ್ವಲ್ಪ ಜೋಳ. ಹೆಂಡತಿಯನ್ನು ಬಾಯಿಗೆ ಬಂದಂತೆ ಬೈದೆ. ಜೋಳವನ್ನು ಚೀಲಕ್ಕೆ ಸುರಿದು ಮತ್ತೆ ಬೋರಲು ಹಾಕಿದೆ. ಮತ್ತೆ ಹಾಗೇ ಆಯಿತು. ಮೂರನೆಯ ಸಲ ಅವಳು ಅತ್ತುಬಿಟ್ಟಳು. "ದೇವರಾಣಿ ನಾ ಮುಟ್ಟಿಲ್ರಿ. ನಿಮ್ಮ ಕಣ್ಣಿಗೆ ನಾ ಸುಳ್ಳಿ ಆದ್ನೇನು?" ಅಂದಳು. ಹೌದು ಅಂದೆ. ಬಸುರಿ ಎಂದೂ ನೋಡದೆ ಬಸ್ಸು ಹತ್ತಿಸಿ, ನಾಗಲದಿನ್ನೆಯ ತವರಿಗೆ ಅಟ್ಟಿದೆ. ಸುಳ್ಳು ಹೇಳುವವಳು ನನಗೆ ಬೇಡ, ತಿರುಗಿ ಬರಬೇಡ ಎಂದೂ ಹೇಳಿದೆ.

ಮರುದಿನ ಬೆಳಿಗ್ಗೆ ಜೋಳದ ಚೀಲದ ಬಾಯಿಯನ್ನು ದಬ್ಬಳದಿಂದ ಹೊಲಿದೆ. ಗಡಿಗೆ ಬೋರಲಿತ್ತು. ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡು ಮಿಲ್ಲಿಗೆ ಹೋದೆ. ಸಂಜೆ ಇನ್ನೂ ಬಿಸಿಲಿರುವಾಗಲೇ ಬಂದು ಬೀಗ ತೆಗೆದೆ.

ಗಡಿಗೆ ನೆಟ್ಟಗಿತ್ತು. ಒಳಗೆ ಜೋಳವಿತ್ತು. ಚೀಲದ ಹೊಲಿಗೆ ಒಂದೂ ಬಿಚ್ಚಿರಲಿಲ್ಲ.

ಆ ಜೋಳವನ್ನು ಅಂಗೈಗೆ ಸುರಿದುಕೊಂಡೆ. ಅಂಗೈ ತುಂಬಲಿಲ್ಲ. ಹೆಂಡತಿಯ ಹಿಡಿಯೂ ಇದಕ್ಕಿಂತ ದೊಡ್ಡದು. ಏನು ತೋಚಿತೋ, ಅದನ್ನು ಮೊರಕ್ಕೆ ಹಾಕಿ, ಉಂಗುರದ ಬೆರಳು, ಕಿರುಬೆರಳು ಮಡಚಿ ಒಂದು ಹಿಡಿ ಎತ್ತಿದೆ. ಮೊರದಲ್ಲಿ ಒಂದು ಕಾಳೂ ಉಳಿಯಲಿಲ್ಲ.

ಹೆದರಿಕೆ ಆಗಲಿಲ್ಲ, ನಿಜ ಹೇಳುತ್ತೇನೆ. ಬಂದದ್ದು ಸಿಟ್ಟು. "ಸತ್ತ ಮ್ಯಾಲೂ ನಿಂದು ಸ್ತೋತ್ರನಾ ಯವ್ವಾ!" ಎಂದು ಖಾಲಿ ಮನೆಯಲ್ಲಿ ಕೂಗಾಡಿದೆ. ಆಮೇಲೆ ಗೋಡೆಗೆ ಒರಗಿ ಅತ್ತೆ. ಅವಳು ಹೋದ ದಿನವೂ ನಾನು ಅತ್ತಿರಲಿಲ್ಲ.

ಬೆಳಗಾಗುತ್ತಲೇ ನಾಗಲದಿನ್ನೆಗೆ ಹೋದೆ. ತಪ್ಪು ನಂದು ಅಂದೆ, ನಡೆದದ್ದನ್ನೆಲ್ಲ ಹೇಳಿದೆ. ಸುವಾರ್ತಮ್ಮ ಎಲ್ಲಾ ಕೇಳಿಸಿಕೊಂಡಳು. ಕೊನೆಗೆ, "ಬರ್ತೀನಿ. ಆದ್ರ ಆ ಹಿಡಿ ದಿನಾ ನೀವೇ ಹಾಕಬೇಕು," ಅಂದಳು.

ಅಂದಿನಿಂದ ನಾನೇ ಹಾಕುತ್ತಿದ್ದೇನೆ. ಆಮೇಲೆ ಗಡಿಗೆಯಲ್ಲಿ ತಾನಾಗಿ ಕಾಳು ಬಿದ್ದಿಲ್ಲ. ಪಾದ್ರಿಗಳಿಗೆ ಹೇಳಿದೆ, ಅವರು ಪ್ರಾರ್ಥನೆ ಮಾಡಿ ಕಳಿಸಿದರು. ನನಗೆ ಆ ಮಿಲ್ಲಿನ ಮೇಲಿನ ಸಿಟ್ಟು ಇಳಿದಿಲ್ಲ. ಸ್ತೋತ್ರ ಎಂಬ ಮಾತು ನನ್ನ ಬಾಯಿಂದ ಇನ್ನೂ ಹೊರಟಿಲ್ಲ. ಆದರೆ ಪ್ರತಿ ಬೆಳಿಗ್ಗೆ ಜೋಳಕ್ಕೆ ಕೈ ಹಾಕಿದೊಡನೆ ಆ ಎರಡು ಬೆರಳು ತಾವಾಗಿ ಮಡಚಿಕೊಳ್ಳುತ್ತವೆ. ಬಿಡಿಸಬೇಕೆಂದು ಎಷ್ಟೋ ಸಲ ಹಟ ಹಿಡಿದಿದ್ದೇನೆ, ಆಗಿಲ್ಲ.