ಮೂರನೇ ಪಂಜರದ ಇಲಿಗಳು

ಸಂಶೋಧನಾಲಯದ ಇಲಿಮನೆಯಲ್ಲಿ ಹತ್ತೊಂಬತ್ತು ವರ್ಷ ದುಡಿದ ಮನುಷ್ಯನಿಗೆ ಸ್ವಂತ ಹೆಸರೆಲ್ಲಿ ಉಳಿದೀತು? ಎಲ್ಲರ ಬಾಯಲ್ಲೂ ಅವನು ಇಲಿಯಣ್ಣ. ಪಂಜರ ತೊಳೆಯುವುದು, ಮರದ ಹೊಟ್ಟು ಹಾಸುವುದು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಒಂದೊಂದೇ ಇಲಿಯನ್ನು ಕತ್ತಿನ ಹಿಂದೆ ಹಿಡಿದು ಬಾಯಿಗೆ ಮದ್ದು ಬಿಡುವುದು ಅವನ ಕೆಲಸ. ಯಾವತ್ತು ಮದ್ದು ಶುರುವಾಯಿತು, ಯಾವತ್ತು ರೋಗ ಬರಿಸಿದರು, ಎಲ್ಲವನ್ನೂ ಗೋಡೆಯ ಪಟ್ಟಿಯಲ್ಲಿ ಬರೆಯುವವನೂ ಅವನೇ. ಓದಿದ್ದು ಹತ್ತನೇ ತರಗತಿ, ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷ ಪ್ರಯೋಗ ನಡೆಸುವ ಮೇಡಂ ದಾಳಿಂಬೆ ಸಿಪ್ಪೆಯ ಬೆನ್ನು ಬಿದ್ದಿದ್ದರು. ಹಳಬರು ಭೇದಿಗೆ ಕುಡಿಸುತ್ತಿದ್ದ ಈ ಸಿಪ್ಪೆ ಕರುಳಿನ ಹುಣ್ಣು, ಉರಿಯೂತಕ್ಕೂ ಆದೀತೇ ಎಂದು ನೋಡಬೇಕಿತ್ತು. ಒಂದನೇ ಪಂಜರದ ಇಲಿಗಳಿಗೆ ಬರೀ ನೀರು, ಎರಡನೆಯದಕ್ಕೆ ಆಸ್ಪತ್ರೆಯ ಗುಳಿಗೆ, ಮೂರನೆಯದಕ್ಕೆ ಸಿಪ್ಪೆಯ ಸಾರ. ನೀರು ಕುಡಿದವು ರಕ್ತ ಹೋಗಿ, ಮುದುಡಿ ಮೂಲೆ ಸೇರಿದವು. ಮೂರನೇ ಪಂಜರದವು ಹೊಟ್ಟು ಕೆದರಿಕೊಂಡು ಆಡುತ್ತಿದ್ದವು. ಇಲಿಯಣ್ಣ ಅವುಗಳ ಮುಂದೆ ಸ್ಟೂಲ್ ಹಾಕಿಕೊಂಡು ಕೂತುಬಿಡುತ್ತಿದ್ದ.

ಯಾಕೆಂದರೆ ಅದೇ ಕಾಯಿಲೆ ಅವನ ತಂಗಿಗೆ ಆರು ವರ್ಷದಿಂದ ಅಂಟಿಕೊಂಡಿತ್ತು. ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಅವಳ ಮಷೀನು ಹಿಂಬಾಗಿಲ ಹತ್ತಿರ, ಶೌಚಾಲಯಕ್ಕೆ ಎಂಟು ಹೆಜ್ಜೆ. ದಿನಕ್ಕೆ ಹತ್ತು ಸಲ ಏಳುವವಳಿಗೆ ಆ ಎಂಟು ಹೆಜ್ಜೆಯೂ ದೂರ. ಗುಳಿಗೆಯಿಂದ ಮುಖ ಊದಿಕೊಂಡಿತ್ತು. ಅದನ್ನು ನೋಡಿ ಅಕ್ಕಪಕ್ಕದವರು, "ಮೈಕೈ ತುಂಬಿಕೊಂಡಿದ್ದೀಯಮ್ಮ, ಒಳ್ಳೇದಾಯ್ತು" ಅನ್ನುವರು. ಜನರ ಕಣ್ಣಿಗೆ ಏನು ಹೇಳೋಣ!

"ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗಾಯ್ತು ನಮ್ಮ ಕತೆ. ಮೂಲೆ ಜ್ಯೂಸ್ ಅಂಗಡಿಯವನು ಸಿಪ್ಪೆನ ಬುಟ್ಟಿಗಟ್ಟಲೆ ಎಸೀತಾನೆ!" ಎನ್ನುತ್ತ ಅವನು ಒಂದು ಸಂಜೆ ತಂಗಿಯ ಮುಂದೆ ಚೀಲ ತಂದು ಸುರಿದು ಇಲಿಗಳ ಕತೆ ಹೇಳಿದ. ತಾರಸಿಯ ಮೇಲೆ ಹಳೇ ಪೇಪರು ಹಾಸಿ ಒಣಗಿಸಿದ, ಕುಟ್ಟಿ ಕಷಾಯ ಮಾಡಿ ದಿನಾ ಅವಳಿಗೆ ಕುಡಿಸಿದ. ಮೇಡಂಗೆ ತಿಳಿಸಲಿಲ್ಲ. ಬೈದಾರು ಎಂಬ ಭಯಕ್ಕಿಂತ ಬೇಡವೆಂದಾರು ಎಂಬ ಭಯವೇ ಹೆಚ್ಚಾಗಿತ್ತು.

ಮೂರು ವಾರದಲ್ಲಿ ತಂಗಿ ಇಡೀ ಬೆಳಿಗ್ಗೆ ಎದ್ದೇಳದೆ ಹೊಲಿದಳು. ಈ ಕಾಯಿಲೆ ತಾನೇ ಇಳಿಯುತ್ತದೆ, ತಾನೇ ಏರುತ್ತದೆ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಮರೆತೇಹೋಗಿತ್ತು.

"ಅಣ್ಣಾ, ಇನ್ನು ಗುಳಿಗೆ ಬಿಟ್ಟುಬಿಡ್ಲಾ? ಕನ್ನಡಿ ನೋಡೋಕ್ಕೇ ಬೇಜಾರು."

ಅವನು ಅವಳ ಊದಿದ ಮುಖವನ್ನು ನೋಡಿದ. ಮೂರನೇ ಪಂಜರ ಕಣ್ಣ ಮುಂದೆ ಬಂತು.

"ಬಿಡು," ಎಂದ.

ತಿಂಗಳು ತುಂಬುವ ಮೊದಲೇ ಅವಳು ಅಂಗಡಿಯ ಶೌಚಾಲಯದಲ್ಲಿ ಕುಸಿದಳು. ಬಾಗಿಲು ಒಡೆದು ಎತ್ತಿಕೊಂಡು ಬಂದರು. ಕರುಳು ಊದಿ ಒಡೆಯುವ ಹಂತದಲ್ಲಿದೆ ಎಂದು ಆಸ್ಪತ್ರೆಯವರು ಅವತ್ತೇ ದೊಡ್ಡ ಕರುಳನ್ನು ಪೂರ್ತಿ ತೆಗೆದರು. ಹೊಟ್ಟೆಯ ಪಕ್ಕ ಒಂದು ತೂತು, ತೂತಿಗೆ ಒಂದು ಚೀಲ. ಇನ್ನು ಅವಳಿರುವಷ್ಟು ದಿನವೂ ಅದು ಇರುತ್ತದೆ.

ನಾಲ್ಕನೇ ದಿನ ಅವನು ಕೆಲಸಕ್ಕೆ ಬಂದು ಪಟ್ಟಿಯ ಮುಂದೆ ನಿಂತ.

"ಮೇಡಂ, ಮೂರನೇ ಪಂಜರದವು ವಾಸಿ ಆದವಲ್ವಾ?"

"ವಾಸಿ ಎಲ್ಲಾಯ್ತು ಇಲಿಯಣ್ಣ? ಅವಕ್ಕೆ ರೋಗ ಜೋರಾಗಿ ಬರಲೇ ಇಲ್ಲ. ನಾವು ಮೊದಲೇ ಸಾರ ಕುಡಿಸ್ತಾ ಇದ್ವಲ್ಲ. ಬಂದಮೇಲೆ ಕೊಟ್ರೆ ಏನಾಗತ್ತೋ, ಅದನ್ನಿನ್ನೂ ನೋಡಬೇಕು. ಯಾಕೆ, ಯಾರಿಗಾದ್ರೂ ಕೊಟ್ಯಾ?"

"ಇಲ್ಲ ಮೇಡಂ."

ಅವರು ಹೋದ ಮೇಲೆ ಪಟ್ಟಿಯ ಮೇಲೆ ಬೆರಳಾಡಿಸಿದ. ಮದ್ದು ಶುರು: ಮೂರನೇ ತಾರೀಖು. ರೋಗ ಬರಿಸಿದ್ದು: ಹತ್ತನೇ ತಾರೀಖು. ಏಳು ದಿನ ಮುಂಚೆಯೇ ಬಾಯಿ ಬಿಡಿಸಿ ಹಾಕಿದವನು ಅವನು, ಬರೆದವನೂ ಅವನು.

ಸಂಜೆ ವಾರ್ಡಿನಲ್ಲಿ ತಂಗಿ ಎಚ್ಚರವಾಗಿದ್ದಳು. ತುಟಿ ಒಣಗಿತ್ತು. ಅವನು ಚಮಚದಲ್ಲಿ ನೀರು ಹಾಕಿದ.

"ನಂಗೊಬ್ಬಳಿಗೇ ಹಿಡಿಸಲಿಲ್ಲ ನೋಡು. ನನ್ನ ಹಣೆಬರಹ," ಎಂದಳು. "ನಿನ್ನ ಮೇಲೇನೂ ತಪ್ಪಿಲ್ಲಣ್ಣ." ಆಮೇಲೆ, "ಆ ಇಲಿಗಳು ಹೇಗಿವೆ?"

ಪ್ರಯೋಗ ಶುರುವಾದ ಹದಿನಾಲ್ಕನೇ ದಿನವೇ ಕರುಳು ಬಗೆದು ನೋಡಲೆಂದು ಮೂರೂ ಪಂಜರಗಳನ್ನು ಒಳಗಿನ ಕೋಣೆಗೆ ಹೊತ್ತುಕೊಂಡು ಹೋಗಿದ್ದವನು ಅವನೇ. ಯಾವ ಇಲಿಯೂ ಉಳಿದಿರಲಿಲ್ಲ.

"ಚೆನ್ನಾಗಿವೆ," ಎಂದ.

"ಅವಾದ್ರೂ ಚೆನ್ನಾಗಿರ್ಲಿ ಪಾಪ," ಎಂದು ಅವಳು ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಪಟ್ಟಿಯ ಮಾತನ್ನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ.