ಅಪ್ಪ ನೆಟ್ಟ ನಾಲ್ಕು ಕಂಬ

ನಾನು ಚಿಕ್ಕವಳಿದ್ದಾಗ, ಮಕ್ಕಳೇ, ಈಗ ನಿಮ್ಮ ಮನೆ ಇರುವ ಗುಡ್ಡಕ್ಕೆ ಸೊಪ್ಪಿನ ಬೆಟ್ಟ ಎನ್ನುತ್ತಿದ್ದರು. ಕೊಪ್ಪದ ಪೇಟೆ ಆಗ ಇಷ್ಟು ದೂರ ಬಂದಿರಲಿಲ್ಲ. ಊರಿನ ತೋಟಗಳಿಗೆ ಗೊಬ್ಬರಕ್ಕೆಂದು ಸೊಪ್ಪು, ದರಗು ಎನ್ನುವ ಒಣಗಿ ಉದುರಿದ ಎಲೆ ತರುವುದು, ದನ ಮೇಯಿಸುವುದು, ಇಷ್ಟಕ್ಕೇ ಆ ಬೆಟ್ಟ. ಸೊಪ್ಪು ಕಡಿಯುವಾಗಲೂ ಮರದ ತುದಿ ಬಿಟ್ಟೇ ಕಡಿಯಬೇಕಿತ್ತು. ಮನೆ ಕಟ್ಟುವ ಹಾಗಂತೂ ಇರಲೇ ಇಲ್ಲ.

ನಾವು ಕಾಫಿ ತೋಟದ ಲೈನಿನಲ್ಲಿದ್ದೆವು. ಲೈನೆಂದರೆ ಕೂಲಿಯವರಿಗೆಂದು ಸಾಲಾಗಿ ಕಟ್ಟಿದ ಒಂದೊಂದೇ ಕೋಣೆಯ ಮನೆಗಳು. ಪಕ್ಕದವರು ಕೆಮ್ಮಿದರೆ ನಮಗೆ ಎಚ್ಚರವಾಗುತ್ತಿತ್ತು. ಸ್ವಂತದ್ದೊಂದು ಮನೆ ಬೇಕೆಂದು ಅಪ್ಪನಿಗೆ ಬಹಳ ಆಸೆ. ಒಂದು ಬೇಸಿಗೆಯಲ್ಲಿ, ಮಳೆ ಹಿಡಿಯುವ ಮೊದಲೇ ಮುಗಿಸಬೇಕೆಂದು, ಯಾರಿಗೂ ಹೇಳದೆ ಬೆಟ್ಟದ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟ. ಒಳ್ಳೆಯ ಮರ ಕಡಿಯಲು ಹೆದರಿ, ತೋಟದಲ್ಲಿ ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರ ಸವರುವಾಗ ಕಡಿದು ಹಾಕಿದ್ದ ಹಾಲವಾಣದ ಹಸಿ ಕೊಂಬೆಗಳನ್ನೇ ಹೊತ್ತು ತಂದಿದ್ದ. ಮೆತ್ತನೆಯ ಮರ, ಮೈತುಂಬ ಮುಳ್ಳು. ಅಪ್ಪನ ಹೆಗಲೆಲ್ಲ ಗೀರಿ ಹೋಗಿತ್ತು.

ಆ ಭಾನುವಾರ ಬೆಳಿಗ್ಗೆ ಅಕ್ಕ ಕಂಬಗಳ ನಡುವಿನ ನೆಲ ಬಡಿದು ಸಗಣಿ ಸಾರಿಸಿದಳು. ನಾನು ಮೂರು ಕಲ್ಲಿಟ್ಟು ಒಲೆ ಹೂಡಿದೆ. ಸೂರೇ ಇಲ್ಲದ ಆ ಮನೆಯಲ್ಲಿ ಬೆಲ್ಲದ ಕಾಫಿ ಕಾಯಿಸಿದೆವು. ದರಗಿನ ಹೊಗೆಗೆ ಕಣ್ಣಲ್ಲಿ ನೀರು ಬಂದರೂ ನಾನು ಏಳಲಿಲ್ಲ. ನಮ್ಮದೇ ಒಲೆಯಲ್ಲವೇ!

ಕಾಫಿ ಮುಗಿಯುವ ಮೊದಲೇ ಊರಿನ ಪಟೇಲರು ನಾಲ್ಕೈದು ಜನರೊಂದಿಗೆ ಬಂದರು. ಬೈಯಲಿಲ್ಲ. ಕಂಬ ಮುಟ್ಟಿ ನೋಡಿ ನಕ್ಕರು.

"ಎಂತ ಮಾರಾಯ, ಹಾಲವಾಣ ನೆಟ್ಟಿದೀಯ? ಮಳೆ ಬಿದ್ರೆ ನಿನ್ನ ಮನೆ ಚಿಗುರ್ತದೆ!"

"ಚಿಗುರ್ಲಿ ಒಡೆಯಾ, ಮಕ್ಕಳಿಗೆ ನೆರಳಾಯ್ತು," ಎಂದ ಅಪ್ಪ.

ಪಟೇಲರು ನಗು ನಿಲ್ಲಿಸಿದರು. "ನಿಂಗೆ ಬಿಟ್ರೆ ನಾಳೆ ಹತ್ತು ಜನ ಬರ್ತಾರೆ. ಆಮೇಲೆ ಸೊಪ್ಪಿಗೆ ಎಲ್ಲಿಗೆ ಹೋಗೋದು? ಈ ಬೆಟ್ಟ ನಂದೂ ಅಲ್ಲ, ನಿಂದೂ ಅಲ್ಲ. ಬೇಡ."

ಅಕ್ಕ ಒಲೆಗೆ ನೀರು ಹೊಯ್ದಳು. ನಾವು ಲೈನಿಗೆ ಮರಳಿದೆವು. ಕಂಬ ಕೀಳಲು ಮಾತ್ರ ಅಪ್ಪನಿಗೆ ಮನಸ್ಸಾಗಲಿಲ್ಲ. ಮಳೆಗಾಲದಲ್ಲಿ ಸೊಪ್ಪಿಗೆ ಹೋಗಿದ್ದ ಅಕ್ಕ ಓಡಿ ಬಂದು, "ಕೂಸೇ, ನಮ್ಮನೆ ಚಿಗುರಿದೆ ಕಣೇ!" ಎಂದಳು. ಅಪ್ಪನೂ ನಕ್ಕ. ಆದರೆ ಸಾಯುವವರೆಗೂ ಅವನು ಲೈನಿನಲ್ಲೇ ಇದ್ದ.

ಈಗ ಬೆಟ್ಟದ ಮೇಲೆ ಲೇಔಟ್ ಆಗಿದೆ. ಹೇಗೆ ಆಯಿತೋ ನನಗೆ ತಿಳಿಯದು. ಡಾಂಬರು ರಸ್ತೆ, ನಂಬರಿನ ಕಲ್ಲು, ಬೀದಿದೀಪ ಎಲ್ಲ ಬಂದಿವೆ. ನನ್ನ ಮಗ, ನಿಮ್ಮಪ್ಪ, ಆ ಅಂಚಿನಲ್ಲೇ ಸೈಟು ಕೊಂಡು ಮನೆ ಕಟ್ಟಿಸಿದ. ನಿಮಗೆ ಒಂದೊಂದು ಕೋಣೆ, ನನಗೂ ಒಂದು. ಯಾರು ಕೆಮ್ಮಿದರೂ ಕೇಳುವುದಿಲ್ಲ. ಸುಖವೇ, ಇಲ್ಲವೆನ್ನುವುದಿಲ್ಲ. ದನಗಳು ಮಾತ್ರ ರಸ್ತೆ ಬದಿಯಲ್ಲಿ ಮೇಯುತ್ತವೆ. ಪಟೇಲರು ಹೇಳಿದ ಆ ಹತ್ತು ಜನರಲ್ಲಿ ಕೊನೆಗೆ ನಾವೂ ಸೇರಿದೆವು.

ನಿಮ್ಮ ಚೆಂಡು ತೂತು ಮಾಡುತ್ತದೆಂದು ಬೈಯುತ್ತೀರಲ್ಲ, ಗೇಟಿನ ಪಕ್ಕದ ಆ ಮುಳ್ಳಿನ ಮರ, ಅದು ನಾಲ್ಕು ಕಂಬಗಳಲ್ಲಿ ಉಳಿದ ಒಂದು. ನಾನು ಒಲೆ ಹೂಡಿದ್ದು ಅದರ ಬುಡದಲ್ಲೇ. ಕಾರು ನಿಲ್ಲಿಸಲು ಅಡ್ಡವೆಂದು ಅದನ್ನು ಕಡಿಸುವ ಮಾತು ಕಿವಿಗೆ ಬಿತ್ತು. ನಿಮ್ಮಪ್ಪನ ಎದುರು ಹೇಳಲು ನನಗೆ ಸಂಕೋಚ, ಅದಕ್ಕೇ ನಿಮಗೆ ಬರೆದೆ. ಕಡಿಯುವುದೇ ಆದರೆ ಒಂದು ಹಸಿ ಕೊಂಬೆ ತೆಗೆದಿಟ್ಟುಕೊಳ್ಳಿ. ಮಳೆಗೆ ಮೊದಲು ನೆಟ್ಟರೆ ಸಾಕು, ಚಿಗುರುತ್ತದೆ.