ಮಲಗಿಸಿದ ಗೊಂಬೆ ಎದ್ದು ನಿಂತಿತ್ತು

ದೆವ್ವ, ಗಾಳಿ ಎಂದರೆ ನಾನು ನಂಬುತ್ತಿರಲಿಲ್ಲ. ದಿನಾ ದೇವರಿಗೆ ದೀಪ ಹಚ್ಚುವವಳಿಗೆ ಅದರ ಭಯವೇಕೆ ಎಂದುಕೊಂಡಿದ್ದೆ. ಇದನ್ನು ನೀವೂ ನಂಬಲೇಬೇಕೆಂದಿಲ್ಲ.

ನಾವು ಮಲೇಶಿಯಾದ ಸುಬಾಂಗ್ ಜಯಾಕ್ಕೆ ಬಂದ ಮೊದಲ ದಸರಾ. ಯಜಮಾನರು ಇಲ್ಲಿ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಮೈಸೂರಿನಿಂದ ಪಟ್ಟದ ಗೊಂಬೆಗಳನ್ನಷ್ಟೇ ತಂದಿದ್ದೆ. ಎದುರು ಮನೆಯ ಜಪಾನಿ ಅಜ್ಜಿ ತಮ್ಮದೊಂದು ಗೊಂಬೆ ಕೊಟ್ಟರು: ಕವಚ ತೊಟ್ಟು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ನಿಂತ ಸಮುರಾಯ್ ಹುಡುಗ. ರಾಜಕುಮಾರನಂತಿದ್ದ. ರಾಜ-ರಾಣಿಯ ಪಕ್ಕದಲ್ಲೇ ಇಟ್ಟೆ.

ಆರತಿಗೆ ಬಂದಾಗ ಅಜ್ಜಿ ಅವನ ಕಥೆ ಹೇಳಿದರು. ದೊಡ್ಡ ಪಾಳೆಯಗಾರನ ಮಗನಂತೆ. ಕೊಟ್ಟ ಮಾತಿಗೆ ಒತ್ತೆಯಾಗಿ ಅಪ್ಪ ಅವನನ್ನು ಶತ್ರುವಿನ ಮನೆಗೆ ಕಳಿಸಿದ. ಕತ್ತಿವರಸೆ ಕಲಿತದ್ದು, ಬೆಳೆದದ್ದು ಎಲ್ಲ ಅಲ್ಲೇ. ಅಪ್ಪ ಮಾತಿಗೆ ತಪ್ಪಿದ. ಶತ್ರುಗಳು ಹುಡುಗನ ತಲೆ ಕಡಿದರು. "ಸುದ್ದಿ ಬಂದಾಗ ಅಪ್ಪ ಊಟ ಮಾಡುತ್ತಿದ್ದ. ಊಟ ಮುಗಿಸಿಯೇ ಎದ್ದ," ಎಂದರು ಅಜ್ಜಿ, ತಮ್ಮ ಹರಕು ಇಂಗ್ಲಿಷಿನಲ್ಲಿ.

ನನಗೆ ನನ್ನ ಮಗನ ನೆನಪಾಯಿತು. ಬೇಗ ಊರಿಗೆ ವಾಪಸಾಗಿ ಮನೆತನದ ಅಂಗಡಿ ನೋಡಿಕೊಳ್ಳುತ್ತೇನೆಂದು ನಮ್ಮವರು ತಮ್ಮ ಅಣ್ಣನಿಗೆ ಮಾತು ಕೊಟ್ಟಿದ್ದರು. ಭಾವನಿಗೆ ನಂಬಿಕೆಯಿಲ್ಲ. "ಹುಡುಗ ನಮ್ಮನೇಲಿರ್ಲಿ. ಆಗ ನೀನು ತಾನಾಗೇ ಬರ್ತೀಯ," ಅಂದಿದ್ದರು. ಇವರು ಹೂಂ ಅಂದಿದ್ದರು. ವಿಜಯದಶಮಿಯ ಮರುದಿನ ಎಂಟು ವರ್ಷದ ನನ್ನ ಮಗ ಪರಿಚಯದವರ ಜೊತೆ ವಿಮಾನ ಹತ್ತಬೇಕಿತ್ತು.

"ಬೇಡಾರೀ, ಮಗೂನ ಕಳಿಸೋದು ಬೇಡ," ಎಂದೆ.

"ಜೈಲಿಗೆ ಕಳಿಸ್ತಿದೀನೇನೇ? ನಮ್ಮಣ್ಣನ ಮನೆ ಕಣೇ."

ದಶಮಿಯ ಸಂಜೆ ಪದ್ಧತಿಯಂತೆ ರಾಜ-ರಾಣಿಯನ್ನು ಮಲಗಿಸಿದೆ. ಆ ಹುಡುಗನನ್ನೂ ಪಕ್ಕದಲ್ಲಿ ಮಲಗಿಸಿ, ಕತ್ತಿ ತೆಗೆದು ದೇವರ ಮುಂದಿಟ್ಟೆ.

ಬೆಳಿಗ್ಗೆ ಮಗ ಇಲ್ಲಿ ಕಲಿತ ಇಂಗ್ಲಿಷಿನಲ್ಲಿ ಕರೆದ. "ಅಮ್ಮಾ, ಹೀ ಗಾಟ್ ಅಪ್ ಲಾ."

ರಾಜ-ರಾಣಿ ಮಲಗಿಯೇ ಇದ್ದರು. ಸಮುರಾಯ್ ಹುಡುಗ ಮಾತ್ರ ಮಗನ ಸೂಟ್‌ಕೇಸಿನ ಮೇಲೆ, ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಸೊಂಟದಲ್ಲಿ ಕತ್ತಿಯಿತ್ತು. ಮಗ ರಾತ್ರಿಯಿಡೀ ನನ್ನ ತೋಳು ಹಿಡಿದೇ ಮಲಗಿದ್ದ. ಇವರಂತೂ ಸ್ನಾನವಾಗದೆ ದೇವರ ಮುಂದಿನದನ್ನು ಮುಟ್ಟುವವರಲ್ಲ, ಆಗಿನ್ನೂ ಸ್ನಾನವಾಗಿರಲಿಲ್ಲ; ವಿಮಾನಕ್ಕೆ ಹೊತ್ತಾಗುತ್ತದೆಂದು ಮೊದಲು ತಿಂಡಿಗೆ ಕೂತಿದ್ದರು.

ಕರೆದು ತೋರಿಸಿದೆ. ದೋಸೆ ತಿನ್ನುತ್ತಿದ್ದವರು ಕುತ್ತಿಗೆ ತಿರುಗಿಸಿ ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಟ್ಟೆಯಲ್ಲಿದ್ದುದನ್ನು ಮುಗಿಸಿ, ಕೈ ತೊಳೆದು ಬಂದು, ಗೊಂಬೆಯನ್ನು ಪಕ್ಕಕ್ಕಿಟ್ಟು ಸೂಟ್‌ಕೇಸ್ ಎತ್ತಿಕೊಂಡರು.

ಮಗ ಈಗಲೂ ಅಲ್ಲೇ ಇದ್ದಾನೆ, ನಾವು ಇಲ್ಲೇ ಇದ್ದೇವೆ. ಜ್ವರ ಗಿರ ಬಂದಿಲ್ಲ, ಅವನ ದೊಡ್ಡಮ್ಮ ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ. ಅಷ್ಟಾದರೂ ದೇವರು ಕಣ್ಣುಬಿಟ್ಟಿದ್ದಾನೆ. ಫೋನಿಗೆ ಮಾತ್ರ ಮಗ ಬರುವುದಿಲ್ಲ.

ಗೊಂಬೆಯನ್ನು ಅಜ್ಜಿ ವಾಪಸ್ ಕೇಳಲಿಲ್ಲ. ಪ್ರತಿ ದಶಮಿಗೂ ಅವನನ್ನು ಮಲಗಿಸಿ, ಕತ್ತಿ ತೆಗೆದು, ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಹೋಗಿ ನೋಡುತ್ತೇನೆ. ಮಲಗಿಸಿದ ಹಾಗೇ ಇರುತ್ತಾನೆ. ಅಂದು ಅವನನ್ನು ಎಬ್ಬಿಸಿದ್ದು ಯಾರು, ನನಗೆ ಇವತ್ತಿಗೂ ತಿಳಿದಿಲ್ಲ.